ಮಾನಿಟರಿನ ಜಾಗದಲ್ಲಿ ಊಟದ ಡಬ್ಬಿ

ಕಳೆದ ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗಿ, ಎಂದಿನಂತೆ ಊಟದ ಡಬ್ಬಿಯನ್ನು ಟೇಬಲ್ಲಿನ ಮೇಲೆ ಇಡಲು ಕೈ ಚಾಚಿದೆ. ಡಬ್ಬಿ ಧಪ್ಪೆಂದು ಯಾವುದಕ್ಕೋ ಬಡಿಯಿತು. ಸವರಿ ನೋಡಿದರೆ ರಟ್ಟಿನ ಪೆಟ್ಟಿಗೆ. ಎಂಟು ವರ್ಷದಿಂದ ನನ್ನ ಡಬ್ಬಿ ಕೂರುತ್ತಿದ್ದ ಜಾಗದಲ್ಲಿ ಅದು ಬಂದು ಆರಾಮಾಗಿ ಕೂತಿತ್ತು.

"ಏನಪ್ಪಾ ಇದು, ಸಿದ್ದರಾಜು?" ಎಂದೆ. ಸಿದ್ದರಾಜು ನಮ್ಮ ಕಚೇರಿಯ ಜವಾನ. ನನಗಿಂತ ಎರಡು ವರ್ಷ ದೊಡ್ಡವನು, ನನಗಿಂತ ನಾಲ್ಕು ಪಟ್ಟು ಹೆಚ್ಚು ಆಕಳಿಸುತ್ತಾನೆ.

"ಮಾನೀಟರ್ರು ಮೇಡಮ್ಮೋರೆ. ನಿಮ್ದೇಯ. ದೊಡ್ ಮೇಡಮ್ಮು ಏಳಿ ತರ್ಸವ್ರೆ."

"ನನಗ್ಯಾಕಪ್ಪಾ ಮಾನಿಟರ್?"

"ಅದ್ನ ನನ್ ಕೇಳುದ್ರೆ? ಇಡು ಅಂದ್ರು, ಇಟ್ಟಿವ್ನಿ," ಎಂದು ಆಕಳಿಸಿದ.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನೀವು ನನ್ನನ್ನು ಮೊದಲಿಂದ ಬಲ್ಲವರಲ್ಲವಾದರೆ ಹೇಳಬೇಕು: ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಯಾವ ಇಲಾಖೆ ಎಂದು ಹೇಳುವುದಿಲ್ಲ. ಹೇಳಿದರೆ ನಿಮ್ಮದೊಂದು ಅರ್ಜಿ ಅಲ್ಲಿ ಬಾಕಿ ಇರುವುದು ನೆನಪಾಗಿ, ಪ್ರಬಂಧ ಓದುವುದನ್ನು ಬಿಟ್ಟು ಎದ್ದು ಬಂದೀರಿ. ಮನೆ ನಂಜನಗೂಡಿನಲ್ಲಿ. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಬಸ್ಸಿನಲ್ಲಿ ಹೋಗುತ್ತೇನೆ, ಸಂಜೆ ಬಸ್ಸಿನಲ್ಲಿ ಬರುತ್ತೇನೆ. ಈಚೆಗೆ ಎಲ್ಲದಕ್ಕೂ ಸುಸ್ತು. ಬಸ್ಸು ಹತ್ತುವುದಕ್ಕೆ ಸುಸ್ತು, ಇಳಿಯುವುದಕ್ಕೆ ಸುಸ್ತು. ಎಲ್ಲಕ್ಕಿಂತ ಹೆಚ್ಚಿನ ಸುಸ್ತು, ನನ್ನ ಕಂಪ್ಯೂಟರಿಗೆ ಮಾನಿಟರ್ ಯಾಕಿಲ್ಲ ಎಂಬುದನ್ನು ಕಂಡಕಂಡವರಿಗೆ ವಿವರಿಸುವುದು.

ಆದರೆ ಆ ಸೋಮವಾರದ ಸುಸ್ತಿಗೆ ಕಾರಣ ಬೇರೆ. ಹಿಂದಿನ ಶನಿವಾರವಷ್ಟೇ ಸಿದ್ದರಾಜು ಇನ್ನೊಂದು ಸುದ್ದಿ ತಂದಿದ್ದ. ಈ ತಿಂಗಳ ಕೊನೆಗೆ ರಾಜಮ್ಮಣ್ಣಿ ನಿವೃತ್ತಳಾಗುತ್ತಾಳೆ, ನಂಜನಗೂಡಿನ ಅವಳ ಆಫೀಸಿನಲ್ಲಿ ಬೀಳ್ಕೊಡುಗೆ, ನಮ್ಮವರೆಲ್ಲ ಬರಬೇಕಂತೆ.

"ಅವಳೇ ಹೇಳಿದಳಾ?" ಎಂದು ಕೇಳಿದ್ದೆ.

"ಇಲ್ಲ. ಅವ್ರ ಆಪೀಸ್ನೋರು ಏಳುದ್ರು. ನೀವು ಬತ್ತೀರಾ ಮೇಡಮ್ಮೋರೆ?"

"ನೋಡೋಣ," ಎಂದಿದ್ದೆ.

ರಾಜಮ್ಮಣ್ಣಿಯ ಜೊತೆ ನಾನು ಮಾತು ಬಿಟ್ಟು ಮೂರು ವರ್ಷ. ಅದಕ್ಕೆ ಮೊದಲು ಹದಿನೈದು ವರ್ಷ ಅವಳ ಟೇಬಲ್ಲು ನನ್ನ ಟೇಬಲ್ಲಿಗೆ ತಾಗಿಕೊಂಡಿತ್ತು, ಅವಳ ಹುಳಿ ನನ್ನ ಅನ್ನಕ್ಕೆ, ನನ್ನ ಉಪ್ಪಿನಕಾಯಿ ಅವಳ ಮೊಸರಿಗೆ. ಕೂರುವಾಗೊಮ್ಮೆ, ಏಳುವಾಗೊಮ್ಮೆ "ಶಿವನೇ" ಎನ್ನುವುದು ಅವಳ ಅಭ್ಯಾಸ. ದಿನಕ್ಕೆ ಎಷ್ಟು ಸಲ ಎದ್ದಳೆಂದು ನಾನು ಎಣಿಸಿ ಹೇಳಿ ರೇಗಿಸುತ್ತಿದ್ದೆ. ಬೀಳ್ಕೊಡುಗೆಗೆ ಹೋಗುವುದೋ ಬಿಡುವುದೋ ಎಂದು ಎರಡು ದಿನದಿಂದ ತಲೆ ಕೆಡಿಸಿಕೊಂಡು ಬಂದವಳ ಎದುರಿಗೆ ಈ ರಟ್ಟಿನ ಪೆಟ್ಟಿಗೆ ಬೇರೆ. ನಮ್ಮ ಜಗಳ ಶುರುವಾದದ್ದೇ ಮಾನಿಟರಿನಿಂದ.

ನಿಧಾನವಾಗಿ ಹೇಳುತ್ತೇನೆ. ಬೇಗ ಹೇಳುವ ತ್ರಾಣ ನನಗಿಲ್ಲ.

ಕಣ್ಣು ಕಾಣದವಳ ಕಂಪ್ಯೂಟರು ನಡೆಯುವುದು ಕಿವಿಯ ಮೇಲೆ. ಒಳಗೊಂದು ಓದುವ ತಂತ್ರಾಂಶ ಇರುತ್ತದೆ. ಪರದೆಯ ಮೇಲೆ ಏನು ಬರಬೇಕೋ ಅದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತದೆ. ನಮ್ಮದರ ದನಿ ನೆಗಡಿಯಾದ ಗಂಡಸಿನದು. ಸಲಿಗೆಯಿಂದ ನಾನು ಅವನಿಗೆ 'ಮಾವ' ಎನ್ನುತ್ತೇನೆ. ಒಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡರೆ ಮಾವ ಶುರು. ಇಲಿ, ಅಂದರೆ ಮೌಸು, ನನಗೆ ಬೇಡ, ಕೀಬೋರ್ಡೊಂದೇ ಸಾಕು. ಬೆಳಿಗ್ಗೆ ಗುಂಡಿ ಒತ್ತಿದರೆ ಮೊದಲು ಫ್ಯಾನಿನ ಗುರ್ ಸದ್ದು, ಆಮೇಲೊಂದು 'ಕೀಂ', ಆಮೇಲೆ ಮೌನ. ಆ ಮೌನದಲ್ಲಿ ನಾನು ನೂರರ ತನಕ ಎಣಿಸುತ್ತೇನೆ. ನೂರರೊಳಗೆ ಮಾವ ಗಂಟಲು ಸರಿಮಾಡಿಕೊಂಡರೆ ದಿನ ಸುಸೂತ್ರ. ಇನ್ನೂರಾದರೂ ಮಾತಿಲ್ಲವೆಂದರೆ ಒಳಗೆ ಏನೋ ಆಗಿದೆ. ಏನಾಗಿದೆ ಎಂದು ತಿಳಿಯುವ ದಾರಿಯಿಲ್ಲ. ಗುಂಡಿ ಒತ್ತಿ ಹಿಡಿದು ಆರಿಸುತ್ತೇನೆ, ಮತ್ತೆ ಹೊತ್ತಿಸುತ್ತೇನೆ, ಮತ್ತೆ ಎಣಿಸುತ್ತೇನೆ. ಎಂಟು ವರ್ಷವೂ ಹೀಗೇ ಸಾಗಿತು. ಒಮ್ಮೆಯೂ ಅದಕ್ಕೆ ಪರದೆ ಜೋಡಿಸಿ ನೋಡುವ ಪ್ರಮೇಯ ಬರಲಿಲ್ಲ.

ಆದರೆ ಎದುರಿಗೆ ನಿಂತವರಿಗೆ ಇದೆಲ್ಲ ಗೊತ್ತಾಗಬೇಕಲ್ಲ? ಅವರಿಗೆ ಕಾಣುವುದು ಇಷ್ಟೇ: ಒಬ್ಬ ಹೆಂಗಸು ಊಟದ ಡಬ್ಬಿಯ ಮುಂದೆ ಕೂತು, ಡಬ್ಬಿಗೇ ಏನೋ ಬರೆದು ತೋರಿಸುವ ಹಾಗೆ ಟಕಟಕ ಟೈಪು ಮಾಡುತ್ತಿದ್ದಾಳೆ. ಒಮ್ಮೆ ಒಬ್ಬ ಯಜಮಾನರು ಬಹಳ ಹೊತ್ತು ನಿಂತು ನೋಡಿ, "ಅವ್ವಾ, ನೀನು ಊಟ ಮಾಡ್ಬುಡು. ಆಮ್ಯಾಕೆ ಬತ್ತೀನಿ," ಎಂದು ಹೊರಟೇಹೋದರು. ಇನ್ನೊಬ್ಬರು ಪಕ್ಕದವರಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು: "ಪಾಪ, ಸುಮ್ಕೆ ಕೂತ್ರೆ ಬೇಜಾರು ಅಂತ ಕೊಟ್ಟವ್ರೆ ಕಣ, ಆಡ್ಕೊಳ್ಳಕ್ಕೆ." ಅವರ ಅರ್ಜಿಗೆ ಉತ್ತರವನ್ನೇ ನಾನಾಗ ಬೆರಳಚ್ಚು ಮಾಡುತ್ತಿದ್ದೆ! ಮೊದಮೊದಲು ಇಂಥವಕ್ಕೆ ಸಿಟ್ಟು ಬರುತ್ತಿತ್ತು, ಆಮೇಲೆ ನಗು ಬರುತ್ತಿತ್ತು. ಈಗ ಎರಡೂ ಬರುವುದಿಲ್ಲ. "ಹೇಳಿ ಸಾರ್," ಎಂದುಬಿಡುತ್ತೇನೆ.

ಪರದೆಗೂ ನನಗೂ ಚಿಕ್ಕಂದಿನಿಂದಲೇ ಆಗಿಬರದು. ನನ್ನ ಅಜ್ಜಿಯ ಊರು ಹೆಡತಲೆ. ಬೇಸಿಗೆ ರಜಕ್ಕೆ ಅಲ್ಲಿಗೆ ಹೋದಾಗ ಆ ಬೀದಿಗೆ ಮೊದಲ ಟೀವಿ ಬಂದಿತ್ತು. ಭಾನುವಾರ ಸಂಜೆ ಬೀದಿಗೆ ಬೀದಿಯೇ ಆ ಮನೆಯ ಪಡಸಾಲೆಯಲ್ಲಿ. ಮುಂದೆ ಕೂರಲು ಹುಡುಗರಲ್ಲಿ ಕಿತ್ತಾಟ, ಮೊಣಕೈಯಲ್ಲಿ ತಿವಿತ. ನನಗೆ ಮುಂದಿನ ಜಾಗದ ಹಂಗೇನು? ನಾನು ಟೀವಿಯ ಹಿಂದೆ, ಅದಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಕೂರುತ್ತಿದ್ದೆ. ತಳ್ಳುವವರಿಲ್ಲ. ಬೆನ್ನಿಗೆ ತಂಪು ಗೋಡೆ, ಕೆನ್ನೆಗೆ ಟೀವಿಯ ಬಿಸಿ, ಮೂಗಿಗೆ ಕಾದ ಧೂಳಿನ ವಾಸನೆ. ಅಜ್ಜಿ ಮಾತ್ರ ಇಡೀ ಪಡಸಾಲೆಗೆ ಕೇಳುವಂತೆ, "ಅಯ್ಯೋ, ಇಂದ್ಗಡೆ ಯಾಕ್ ಕುಂತಿದ್ದೀಯೇ ಮಗ? ಮುಂದುಕ್ ಬಾ, ಎಲ್ರಂಗೆ ಕುಂತ್ಕೊ," ಎನ್ನುತ್ತಿದ್ದಳು. ಎಲ್ಲರ ಹಾಗೆ ಕೂತರೆ ಅಜ್ಜಿಗೆ ಸಮಾಧಾನ. ಒಂದು ವಾರ ಅವಳಿಗೋಸ್ಕರ ಮುಂದೆ ಕೂತು, ಮೂರು ಸಲ ಮೊಣಕೈ ತಿವಿಸಿಕೊಂಡು, ಮತ್ತೆ ಸಂದಿಗೇ ಹೋದೆ.

ನಮ್ಮ ದೊಡ್ಡ ಮೇಡಮ್ಮಿಗೂ ಅದೇ ಅಜ್ಜಿಯ ಸಮಾಧಾನ ಬೇಕಿತ್ತು ಎಂದು ಕಾಣುತ್ತದೆ. ವಯಸ್ಸು ಚಿಕ್ಕದು, ಬಂದು ಮೂರು ತಿಂಗಳು, ಮಾತು ಬಹಳ ಮೆದು. ಆ ಸೋಮವಾರ ನನ್ನನ್ನು ಕರೆದು ಹೇಳಿದರು: "ಗೌರಮ್ಮನವರೇ, ಬೇಜಾರು ಮಾಡ್ಕೋಬೇಡಿ. ನೀವು ಮಾಡೋ ಕೆಲಸ ಯಾರಿಗೂ ಕಾಣ್ತಾ ಇಲ್ಲ. ಬಂದವರು ನಿಮ್ಮದು ಖಾಲಿ ಸೀಟು ಅಂದುಕೊಳ್ತಾರೆ. ಒಂದು ಪರದೆ ಇದ್ದರೆ ಗೌರವ ಅಲ್ವಾ?" ನಾನು, "ಮೇಡಮ್, ಡಬ್ಬಿ ಇಡೋಕೆ ಜಾಗ ಇರಲ್ಲ," ಎಂದೆ. ಹೇಳಬೇಕಾದದ್ದು ಬೇಕಾದಷ್ಟಿತ್ತು. ಬಾಯಿಗೆ ಬಂದದ್ದು ಇಷ್ಟೇ.

ನನ್ನ ಮಾನಿಟರ್ ಮೊದಲು ಹೋದ ಕತೆ ಹೀಗೆ. ಎಂಟು ವರ್ಷದ ಕೆಳಗೆ ನನಗೂ ಎಲ್ಲರಂತೆ ಒಂದು ಪೂರ್ತಿ ಕಂಪ್ಯೂಟರ್ ಕೊಟ್ಟಿದ್ದರು. ಒಂದು ದಿನ ರಾಜಮ್ಮಣ್ಣಿಯ ಮಾನಿಟರ್ ಇದ್ದಕ್ಕಿದ್ದಂತೆ ಕಪ್ಪಾಯಿತು. ಅವಳಿಗೋ ಮಧ್ಯಾಹ್ನದೊಳಗೆ ಒಂದು ಪಟ್ಟಿ ಕಳಿಸಬೇಕಿತ್ತು. "ಶಿವನೇ, ಈಗೇನ್ಮಾಡ್ಲೇ ಗೌರಿ," ಎಂದು ಅಳುವುದೊಂದು ಬಾಕಿ. "ನಂದನ್ನು ತಗೊಂಡು ಹೋಗೇ. ನನಗೆ ಅದ್ಯಾವ ಶೃಂಗಾರಕ್ಕೆ?" ಎಂದೆ. ಅವಳು ನನ್ನ ಟೇಬಲ್ಲಿಗೆ ಬಂದಳು. ಕೂಡಲೇ ಕಳಚಿಕೊಳ್ಳಲಿಲ್ಲ. ಮೌಸು ಹಿಡಿದು ಒಂದೆರಡು ನಿಮಿಷ ಏನೋ ಟಿಕ್ ಟಿಕ್ ಮಾಡಿದಳು.

"ಏನೇ ಮಾಡ್ತಿದ್ದೀಯ?"

"ಏನಿಲ್ಲ ಕಣೆ, ತಡಿ. ಸ್ವಲ್ಪ ಸರಿ ಮಾಡ್ತಿದೀನಿ," ಎಂದು, ಆಮೇಲೆ ವೈರು ಕಿತ್ತುಕೊಂಡು ಹೋದಳು. ಖಾಲಿಯಾದ ಜಾಗದಲ್ಲಿ ಅವತ್ತೇ ಮಧ್ಯಾಹ್ನ ನಾನು ಡಬ್ಬಿ ಇಟ್ಟೆ. ನನಗದು ಅನುಕೂಲವೇ ಆಯಿತು.

ಅನುಕೂಲವಾಗದೆ ಉಳಿದದ್ದು ಆಯುಧಪೂಜೆಗೆ. ನಮ್ಮಲ್ಲಿ ಹಬ್ಬದ ಹಿಂದಿನ ದಿನ ಕಚೇರಿಯ ಎಲ್ಲ ಯಂತ್ರಗಳನ್ನೂ ಒರೆಸಿ, ಕಂಪ್ಯೂಟರುಗಳಿಗೆ ಹೂವು, ಗಂಧ, ಕುಂಕುಮ. ಎಲ್ಲರ ಮಾನಿಟರಿಗೂ ಹಣೆ ಇತ್ತು, ನನ್ನದಕ್ಕಿಲ್ಲ. ಪೂಜೆಯ ಉಸ್ತುವಾರಿ ಯಾವಾಗಲೂ ರಾಜಮ್ಮಣ್ಣಿಯದು. "ನಿನ್ನದಕ್ಕೆ ಎಲ್ಲಿಗೇ ಇಡ್ಲಿ?" ಎಂದು ಪ್ರತಿವರ್ಷ ಗೊಣಗುತ್ತಾ ಕೆಳಗಿನ ಸಿಪಿಯು ಡಬ್ಬಕ್ಕೋ ಕೀಬೋರ್ಡಿನ ಅಂಚಿಗೋ ಇಡುತ್ತಿದ್ದಳು. ಮೂರು ವರ್ಷದ ಕೆಳಗಿನ ಹಬ್ಬಕ್ಕೆ ನಾನು ಜ್ವರವೆಂದು ರಜದಲ್ಲಿದ್ದೆ. ಅವಳು ನನ್ನ ಕೀಬೋರ್ಡನ್ನು ಬಹಳ ಅಕ್ಕರೆಯಿಂದ, ಒಂದೊಂದು ಕೀಲಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾಳೆ. ಬಲಗಡೆಯ ಅಂಕಿಗಳಲ್ಲಿ ಐದರ ಕೀಲಿಯ ಮೇಲೆ ಏನೋ ಗಟ್ಟಿಯಾದ ಕೊಳೆ ಅಂಟಿದ್ದು ಕಂಡು, ಉಗುರಿನಲ್ಲಿ ಕೆರೆದು ತೆಗೆದಿದ್ದಾಳೆ. ಅದು ಕೊಳೆಯಲ್ಲ. ಐದರ ಮೇಲಿನ ಗುರುತಿನ ಗೀರು ಸವೆದುಹೋಗಿದ್ದರಿಂದ, ಬೆರಳಿಗೆ ತಿಳಿಯಲೆಂದು ನಾನೇ ಹಾಕಿಕೊಂಡಿದ್ದ ಅಂಟಿನ ಬೊಟ್ಟು. ಕೆರೆದ ಮೇಲೆ, ಈ ವರ್ಷ ಚೆನ್ನಾಗಿ ಕಾಣಲಿ ಎಂದು, ಅಂಕಿಗಳ ಮೇಲಿನ ಸಾಲಿನ ನಟ್ಟನಡುವೆ, ಹಣೆಗೆ ಇಡುವ ಹಾಗೆ, ಒಂದು ದಪ್ಪ ಗಂಧದ ಬೊಟ್ಟು ಇಟ್ಟಿದ್ದಾಳೆ. ಅಲ್ಲಿದ್ದದ್ದು ಎಂಟು.

ಹಬ್ಬ ಮುಗಿಸಿ ಬಂದೆ. ಗಂಧ ಒಣಗಿ ಕಲ್ಲಾಗಿತ್ತು. ಬೆರಳಿಗೆ ಬೊಟ್ಟು ಸಿಕ್ಕಿತು. ಇದೇ ಐದು ಎಂದು ಕೈ ನೆಲೆಮಾಡಿಕೊಂಡಿತು. ರಾಜಮ್ಮಣ್ಣಿ ಕಡತ ನೋಡಿ ಹೇಳುತ್ತಾ ಹೋದಳು, ನಾನು ಒತ್ತುತ್ತಾ ಹೋದೆ. ಒಂದೇ ಜಮೀನನ್ನು ಭಾಗ ಮಾಡಿಕೊಂಡಿದ್ದ ಐದು ಮನೆಗಳಿಗೆ ನೋಟಿಸು, ಎಲ್ಲರದ್ದೂ ಸರ್ವೆ ನಂಬರು ನೂರ ನಲವತ್ತೆರಡು. ಬೆರಳು ಒಂದು ಸಾಲು ಮೇಲೆ ಕೂತಿದ್ದರಿಂದ ಬಿದ್ದದ್ದು ನಾನೂರ ಎಪ್ಪತ್ತೈದು. ನಮ್ಮ ಒಪ್ಪಂದದಲ್ಲಿ ಅಕ್ಷರಗಳ ಹೊಣೆ ನನ್ನದು, ಅಂಕಿಗಳನ್ನು ಮುದ್ರಿಸಿದ ಮೇಲೆ ಕಡತಕ್ಕೆ ಹೋಲಿಸುವ ಹೊಣೆ ಅವಳದು. ಹಾಗಾಗಿ ಅಂಕಿ ಬಂದಾಗ ನಾನು ಮಾವನ ಬಾಯಿ ಮುಚ್ಚಿಸಿಬಿಡುತ್ತಿದ್ದೆ. ಅವತ್ತು ಅವಳ ಮೊಮ್ಮಗನಿಗೆ ಜ್ವರ, ಮನೆಗೆ ಓಡುವ ಆತುರ. ನೋಡದೆಯೇ 'ಪರಿಶೀಲಿಸಿದೆ' ಎಂದು ಗೀಚಿ ಹೋದಳು.

ಆಮೇಲಿನದನ್ನು ಊಹಿಸಿಕೊಳ್ಳಿ. ಐದು ಮನೆಯವರೂ ಬಂದರು. ಅವರ ಹಿಂದೆಯೇ ನಾನೂರ ಎಪ್ಪತ್ತೈದರ ನಿಜವಾದ ಯಜಮಾನನೂ ಬಂದ. "ನಮ್ಮಪ್ಪನ್ ಜಮೀನ್ನ ಯಾವೋನ್ಲಾ ಇವ್ರ ಎಸ್ರಿಗೆ ಬರ್ದೋನು?" ಎಂದು ಅವನು ಕೂಗಿದ್ದು ಹೊಳೆಯಾಚೆಗೂ ಕೇಳಿಸಿರಬೇಕು. ಆಗಿದ್ದ ಸಾಹೇಬರು ನಮ್ಮಿಬ್ಬರನ್ನೂ ಒಳಗೆ ಕರೆದು, ನನ್ನತ್ತ ತಿರುಗಿ, "ಪರದೆ ಇಲ್ಲದ ಕಂಪ್ಯೂಟರಿನಲ್ಲಿ ಕೆಲಸ ಮಾಡಿದರೆ ಇನ್ನೇನಾಗುತ್ತೆ?" ಎಂದರು. ನಾನು ರಾಜಮ್ಮಣ್ಣಿ ಬಾಯಿ ತೆರೆಯುತ್ತಾಳೆ ಎಂದು ಕಾದೆ. "ಅಂಕಿ ನೋಡಬೇಕಾಗಿದ್ದೋಳು ನಾನು ಸಾರ್," ಎಂದರೆ ಸಾಕಿತ್ತು. ಅವಳು ಅನ್ನಲಿಲ್ಲ. ಹೊರಗೆ ಬಂದ ಮೇಲೆ ಮೆಲ್ಲಗೆ ಅಂದದ್ದು ಬೇರೆಯದೇ: "ನಿನ್ ಟೇಬಲ್ ಮೇಲೊಂದು ಮಾನಿಟರ್ ಇದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ಕಣೆ."

ಆ ಮಾನಿಟರನ್ನು ತೆಗೆದುಕೊಂಡು ಹೋದವಳೇ ಅವಳು! ಮಾರನೆಯ ದಿನ ವಿವರಣೆ ಕೇಳಿ ನೋಟಿಸು ಬಂತು. ಅದಕ್ಕೆ ನಾನು ಬರೆದ ಉತ್ತರದ ಸಾಲುಗಳು ಈಗಲೂ ಬಾಯಿಪಾಠ: "ಆಯುಧಪೂಜೆಯ ನಿಮಿತ್ತ ಕೀಲಿಮಣೆಗೆ ಗಂಧ ಲೇಪಿಸಿದ ಕಾರಣ ಅಂಕಿಗಳು ಸ್ಥಾನಪಲ್ಲಟಗೊಂಡಿರುತ್ತವೆ. ಗಂಧ ಲೇಪಿಸಿದವರು ಹಾಗೂ ಅಂಕಿಗಳನ್ನು ಪರಿಶೀಲಿಸಿದವರು ಶ್ರೀಮತಿ ರಾಜಮ್ಮಣ್ಣಿಯವರಾಗಿರುತ್ತಾರೆ." ಸಾಹೇಬರು ಓದಿ ನಕ್ಕರಂತೆ. ಕಳಿಸುವ ಮುನ್ನ ಮಾವ ಆ ಸಾಲುಗಳನ್ನು ನನ್ನ ಕಿವಿಗೆ ಓದಿದ್ದ. ಬೇಡ ಎನ್ನಿಸಲಿಲ್ಲವೇ ಎಂದರೆ, ಅನ್ನಿಸಿತು. ಆದರೂ ಕಳಿಸಿದೆ. ತಿಂಗಳೊಳಗೆ ರಾಜಮ್ಮಣ್ಣಿಗೆ ನಂಜನಗೂಡಿಗೆ ವರ್ಗವಾಯಿತು.

ಅವಳ ಮನೆ ನರಸೀಪುರದಲ್ಲಿ, ಕಚೇರಿಗೆ ಹತ್ತು ನಿಮಿಷದ ನಡಿಗೆ. ಐವತ್ತೇಳನೆಯ ವಯಸ್ಸಿನಲ್ಲಿ, ಮಂಡಿನೋವಿನಲ್ಲಿ, ಅವಳು ಬಸ್ಸು ಹಿಡಿಯುವುದು ಕಲಿಯಬೇಕಾಯಿತು. ನಾನು ನಂಜನಗೂಡಿನಿಂದ ನರಸೀಪುರಕ್ಕೆ, ಅವಳು ನರಸೀಪುರದಿಂದ ನಂಜನಗೂಡಿಗೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ದಾರಿಯಲ್ಲಿ ಎಲ್ಲೋ ನಮ್ಮ ಬಸ್ಸುಗಳು ಎದುರುಬದುರು ಹಾದುಹೋಗುತ್ತವೆ. ಎದುರಿನಿಂದ ದೊಡ್ಡ ಗಾಡಿ ಭರ್ರೆಂದು ಹೋದಾಗಲೆಲ್ಲ ಇದೇ ಇರಬಹುದು ಎಂದುಕೊಳ್ಳುತ್ತೇನೆ. ಆ ದಾರಿಯ ದಣಿವು ಎಂಥದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಗೊತ್ತಿದ್ದೇ ಅದನ್ನು ಅವಳಿಗೂ ಕೊಡಿಸಿದೆ. ಮೊದಲ ವರ್ಷ ಸರಿಯಾಯಿತು ಅವಳಿಗೆ ಎಂದುಕೊಂಡೆ. ಎರಡನೆಯ ವರ್ಷ ಹಾಗೆಂದುಕೊಳ್ಳಲು ಕಷ್ಟಪಡಬೇಕಾಯಿತು. ಈಗ ಕೋಪ ಮಾಡಿಕೊಂಡೂ ಸುಸ್ತಾಗಿದೆ. ಫೋನು ಮಾಡೋಣವೆಂದು ಎಷ್ಟೋ ಸಲ ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ. ಅವಳು ಮಾತಾಡದಿದ್ದರೆ ಎಂಬ ಭಯ. ಮಾತಾಡಿಬಿಟ್ಟರೆ ಏನು ಹೇಳುವುದು ಎಂಬ ಭಯ ಅದಕ್ಕಿಂತ ದೊಡ್ಡದು.

ಸರಿ, ಸೋಮವಾರಕ್ಕೆ ಬರೋಣ. ಸಿದ್ದರಾಜು ರಟ್ಟು ಹರಿದು, ಥರ್ಮಾಕೋಲನ್ನು ಕಿರ್ ಎನ್ನಿಸಿ, ಮಾನಿಟರನ್ನು ನಿಲ್ಲಿಸಿ ವೈರು ಸಿಕ್ಕಿಸಿದ. ಪಕ್ಕದ ಸೀಟಿನ ಮಂಜುಳಾ, ಒಳಗಿನಿಂದ ದೊಡ್ಡ ಮೇಡಮ್ಮು, ಎಲ್ಲರೂ ನನಗೆ ಗೌರವ ಬರುವುದನ್ನು ನೋಡಲು ಬಂದು ನಿಂತರು. ನಾನು ಗುಂಡಿ ಒತ್ತಿ ಎಣಿಸತೊಡಗಿದೆ. ಎಪ್ಪತ್ತಕ್ಕೆ ಮಾವ ಮಾತಾಡಿದ. ಆದರೆ ನನ್ನ ಬೆನ್ನ ಹಿಂದಿದ್ದವರೆಲ್ಲ ಸುಮ್ಮನಾದರು.

"ಏನಾಯ್ತು? ಬರಲಿಲ್ವಾ?" ಎಂದೆ.

"ಬಂತು ಮೇಡಮ್ಮೋರೆ," ಎಂದ ಸಿದ್ದರಾಜು. ಅವನ ದನಿಯಲ್ಲಿ ಆಕಳಿಕೆ ಇರಲಿಲ್ಲ. "ಇದ್ರಲ್ ನೀವೇ ಇದ್ದೀರಲ್ಲ. ನೀವು, ರಾಜಮ್ಮಣ್ಣಿಯೋರು. ಇದು ನಾನೇ ಒಡ್ದಿದ್ ಪೋಟೋ ಅಲ್ವಾ! ಸೋಮ್ನಾಥ್‌ಪುರುದ್ದು!"

ಸೋಮನಾಥಪುರ. ಎಂಟು ವರ್ಷದ ಕೆಳಗೆ, ನನ್ನ ಮಾನಿಟರ್ ಹೋಗುವುದಕ್ಕೆ ಸ್ವಲ್ಪ ಮೊದಲು, ಕಚೇರಿಯವರೆಲ್ಲ ಒಂದು ಭಾನುವಾರ ಹೋಗಿದ್ದೆವು. ಅವತ್ತಿನ ಫೋಟೋಗಳನ್ನು ಆಮೇಲೆ ಎಲ್ಲರ ಕಂಪ್ಯೂಟರಿಗೂ ಹಾಕಿದ್ದರು. ಹಿಂದಿನ ದಿನ ನಂಜುಂಡೇಶ್ವರನಿಗೆ ಹರಕೆ ಒಪ್ಪಿಸಲು ಬಂದಿದ್ದ ರಾಜಮ್ಮಣ್ಣಿ ನಮ್ಮ ಮನೆಯಲ್ಲೇ ಉಳಿದು, ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಟಿದ್ದೆವು. ದೇವಸ್ಥಾನದ ಸುತ್ತ ಎಲ್ಲರೂ "ಆಹಾ, ಎಂಥ ಕೆತ್ತನೆ," ಎನ್ನುತ್ತಿದ್ದರು. ನನಗೆ ಕಾಲಿನ ಕೆಳಗಿನ ಕಾದ ಕಲ್ಲು ಮಾತ್ರ ಗೊತ್ತಾಗುತ್ತಿತ್ತು. ಮುಟ್ಟಬಾರದು ಎಂದು ಕಾವಲುಗಾರ ಮೊದಲೇ ಎಚ್ಚರಿಸಿದ್ದ. ಅವನು ಆಚೆ ತಿರುಗಿದ್ದೇ ತಡ, ರಾಜಮ್ಮಣ್ಣಿ ನನ್ನ ಕೈ ಹಿಡಿದೆಳೆದು ಗೋಡೆಯ ಮೇಲಿಟ್ಟಳು. "ಆನೆ ಕಣೆ. ಸಾಲಾಗಿವೆ. ಬೇಗ ಬೇಗ ನೋಡ್ಕೋ." ಒಂದು ಆನೆಯ ಬೆನ್ನು, ಅದರ ಸೊಂಡಿಲು, ಅದರ ಮುಂದಿನದರ ಬಾಲ. ಮೂರನೆಯ ಆನೆಗೆ ಬರುವಷ್ಟರಲ್ಲಿ ಕಾವಲುಗಾರ ಸೀಟಿ ಊದಿದ. ಇಬ್ಬರೂ ಶಾಲೆಯ ಹುಡುಗಿಯರ ಹಾಗೆ ನಕ್ಕಿದ್ದೆವು.

"ನಿಮ್ ಕೈ ಆನೆ ಮ್ಯಾಲೈತೆ," ಎಂದ ಸಿದ್ದರಾಜು. "ಅವ್ರು ನಿಮ್ ಕೈ ಇಡ್ಕಂಡವ್ರೆ. ಇಬ್ರೂ ನಗ್ತಾ ಇದ್ದೀರ. ರಾಜಮ್ಮಣ್ಣಿಯೋರು ಅಸ್ರು ಸೀರೆ ಉಟ್ಟವ್ರೆ."

"ಹಸಿರಲ್ಲ, ನೀಲಿ," ಎಂದಳು ಮಂಜುಳಾ.

"ನವಿಲಿನ ಬಣ್ಣ ಅನ್ಸುತ್ತೆ," ಎಂದರು ಮೇಡಮ್ಮು.

ಮೂವರೂ ಅದರ ಮೇಲೆ ವಾದಕ್ಕಿಳಿದರು. ನನಗೆ ಆ ಟಿಕ್ ಟಿಕ್ ಕೇಳಿಸುತ್ತಿತ್ತು. 'ಏನಿಲ್ಲ ಕಣೆ, ತಡಿ. ಸ್ವಲ್ಪ ಸರಿ ಮಾಡ್ತಿದೀನಿ.' ಇನ್ನೆರಡು ನಿಮಿಷದಲ್ಲಿ ತಾನೇ ಕಿತ್ತೊಯ್ಯಲಿದ್ದ ಪರದೆಯ ಮೇಲೆ, ಕಣ್ಣು ಕಾಣದವಳ ಮುಂದೆ, ಅವಳು ನಮ್ಮಿಬ್ಬರ ಫೋಟೋ ಹಾಕಿ ಹೋಗಿದ್ದಳು. ಪರದೆ ಹೋದರೂ ಫೋಟೋ ಕೆಳಗಿನ ಡಬ್ಬದೊಳಗೇ ಉಳಿದಿತ್ತು. ಅಕ್ಷರವಾದರೆ ಮಾವ ಓದುತ್ತಿದ್ದ. ಚಿತ್ರ ಅವನಿಗೂ ಕಾಣದು, ನನಗೂ ಕಾಣದು. ಎಂಟು ವರ್ಷ ನಾನು ಅದರ ಎದುರಿಗೆ ಕೂತು ಕೆಲಸ ಮಾಡಿದ್ದೆ. ಆ ಗಂಧದ ಉತ್ತರವನ್ನು ಬರೆದದ್ದೂ ಅದರ ಎದುರಿಗೇ. ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಎಲ್ಲರ ಮುಂದೆಯೇ ಅತ್ತೆ.

ಮೇಡಮ್ಮಿಗೆ ಗಾಬರಿ. "ಬೇಡ ಅಂದ್ರೆ ತೆಗೆಸಿಬಿಡ್ತೀನಿ ಗೌರಮ್ಮನವರೇ."

"ಇರಲಿ ಬಿಡಿ ಮೇಡಮ್," ಎಂದೆ. ಆ ಮಧ್ಯಾಹ್ನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡೆ. ಊಟವಾದ ಮೇಲೆ ಯಾರೂ ಇಲ್ಲದಾಗ ಪರದೆಯ ಮೇಲೆ ಅಂಗೈ ಇಟ್ಟು ನೋಡಿದೆ. ಸ್ವಲ್ಪ ಬೆಚ್ಚಗಿತ್ತು.

ಮಾರನೆಯ ದಿನ ಬೆಳಿಗ್ಗೆ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬಸ್ಸು ಬಂತು. ಕಂಡಕ್ಟರ್ ಗುರುತಿನವನು, "ಹತ್ತಿ ಅಕ್ಕಾ," ಎಂದ. "ಇವತ್ತು ಆಮೇಲೆ ಬರ್ತೀನಪ್ಪ," ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಬೇಕೆಂದೇ ಬಸ್ಸು ಬಿಟ್ಟದ್ದು ಅದೇ ಮೊದಲು. ನರಸೀಪುರದಿಂದ ಬರುವ ಬಸ್ಸು ನಿಲ್ಲುವ ಕಂಬದ ಪಕ್ಕ, ಕೋಲು ಹಿಡಿದು ಅರ್ಧ ಗಂಟೆ ನಿಂತೆ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಬರೆದು, ತಿದ್ದಿ, ಮತ್ತೆ ಬರೆದೆ. ಅವಳು ನೋಡಿಯೂ ನೋಡದ ಹಾಗೆ ಹೋಗಿಬಿಟ್ಟರೆ ನನಗೆ ಗೊತ್ತೂ ಆಗುವುದಿಲ್ಲ ಎಂಬುದು ಆಗ ಹೊಳೆಯಿತು.

ಬಸ್ಸು ಬಂದು ನಿಂತಿತು. ಜನ ಇಳಿದರು. ಬೂಟು, ಬಳೆ, ಯಾರದೋ ಕೆಮ್ಮು. ಕೊನೆಗೆ ಮೆಟ್ಟಿಲ ಮೇಲೆ, "ಶಿವನೇ..." ಎರಡನೆಯ ಮೆಟ್ಟಿಲಿಗೂ, "ಶಿವನೇ." ಹೆಜ್ಜೆಗಳು ನಾಲ್ಕು ಮಾರು ನಡೆದವು. ನಿಂತವು.

"ಏನೇ, ನಿನ್ ಬಸ್ಸು ಆಗ್ಲೇ ಹೋಯ್ತಲ್ಲೇ. ದಾರೀಲಿ ಎದುರಾಯ್ತು."

"ಹೋಗ್ಲಿ ಬಿಡು. ಇನ್ನೊಂದು ಬರುತ್ತೆ," ಎಂದೆ. ತಿದ್ದಿ ಬರೆದಿಟ್ಟುಕೊಂಡಿದ್ದೆಲ್ಲ ಮರೆತುಹೋಯಿತು. "ಸೋಮನಾಥಪುರಕ್ಕೆ ನೀನು ಉಟ್ಟಿದ್ದ ಸೀರೆ ಯಾವ ಬಣ್ಣದ್ದೇ?"

"ಯಾರ್ ಹೇಳಿದ್ರು ನಿಂಗೆ?"

"ನಿನ್ನೆ ನನಗೆ ಮಾನಿಟರ್ ಬಂತು."

"ಅಯ್ಯೋ, ಇನ್ನೂ ಹಂಗೇ ಐತಾ ಅದು?"

"ಹಾಗೇ ಇದೆ. ಯಾರೂ ನೋಡದ ಫೋಟೋನ ಯಾಕೇ ಹಾಕ್ದೆ?"

"ಖಾಲಿ ಬಿಡಕ್ಕೆ ಮನ್ಸು ಬರ್ಲಿಲ್ಲ ಕಣೆ."

"ನಾನು ಹಾಗೆ ಬರೀಬಾರದಿತ್ತು ರಾಜಮ್ಮಣ್ಣಿ. ತಪ್ಪಾಯ್ತು," ಎಂದೆ. ಇಷ್ಟು ಹೇಳಲು ಮೂರು ವರ್ಷ ಬೇಕಾಯಿತು.

"ನಾನೂ ಸಾಹೇಬ್ರ ಮುಂದೆ ಬಾಯ್ ಬಿಡ್ಬೇಕಾಗಿತ್ತು. ಬಿಡ್ಲಿಲ್ಲ. ದಿನಾ ಬಸ್ಸಲ್ಲಿ ಕೂತ್ಕಂಡು ಅದೇ ಯೋಚ್ನೆ ನಂಗೆ." ಅವಳ ಕೈ ಬಂದು ನನ್ನ ಕೋಲಿನ ಮೇಲಿದ್ದ ಕೈಯನ್ನು ಹಿಡಿಯಿತು. ಮೊದಲಿಗಿಂತ ಒರಟಾಗಿತ್ತು. "ಅದು ನಿಂದೇ ಸೀರೆ ಕಣೇ, ಪೆದ್ದಿ. ಅವತ್ ಬೆಳಿಗ್ಗೆ ನಿಮ್ಮನೇಲಿ ನನ್ ಸೀರೆಗೆ ಕಾಫಿ ಚೆಲ್ಕಂಡಿದ್ದೆ. ನೀನೇ ಪೆಟ್ಟಿಗೆಯಿಂದ ತೆಗ್ದು ಕೊಟ್ಟೆ. ನಾನು ವಾಪಸ್ ಕೊಡ್ಲೇ ಇಲ್ಲ."

ಅವಳು ಆಡಿದ ಒಂದು ಮಾತನ್ನು ಅಕ್ಷರ ಬಿಡದೆ ಮೂರು ವರ್ಷ ನೆನಪಿಟ್ಟುಕೊಂಡಿದ್ದ ನನಗೆ ಇದು ನೆನಪೇ ಇರಲಿಲ್ಲ.

"ಯಾವ ಬಣ್ಣ ಅಂತ ಈಗಲೂ ಹೇಳ್ಲಿಲ್ಲ ನೀನು."

"ಬಣ್ಣ ಕಟ್ಕೊಂಡು ನಿಂಗೇನಾಗ್ಬೇಕು? ರಿಟೈರಾಗೋ ದಿನ ಅದನ್ನೇ ಉಡ್ತೀನಿ. ಬಂದು ಮುಟ್ಟಿ ನೋಡ್ಕೋ. ಅಲ್ಲಿ ಯಾವನೂ ಸೀಟಿ ಊದಲ್ಲ."

ಅವಳ ಬಾಯಿಂದ ಮಾತು ಬಿದ್ದದ್ದೇ ತಡ, ನಮ್ಮ ಬೆನ್ನಿಗೇ ನರಸೀಪುರಕ್ಕೆ ಹೊರಟು ನಿಂತಿದ್ದ ಬಸ್ಸಿನ ಕಂಡಕ್ಟರ್ ಉದ್ದಕ್ಕೆ ಸೀಟಿ ಊದಿದ. ಇಬ್ಬರೂ ಬೆಚ್ಚಿಬಿದ್ದು ಕೈ ಬಿಟ್ಟೆವು. ಆಮೇಲೆ ನಗು ಬಂತು ನೋಡಿ, ಕಂಬ ಹಿಡಿದುಕೊಂಡು ನಕ್ಕೆ. ಅವಳು ನಗುವಿನ ನಡುವೆಯೇ "ಶಿವನೇ, ಶಿವನೇ," ಎನ್ನುತ್ತಿದ್ದಳು.

"ನಿನ್ ಇನ್ನೊಂದ್ ಬಸ್ಸೂ ಹೋಯ್ತಲ್ಲೇ ಗೌರಿ," ಎಂದಳು.

"ಹೋಗ್ಲಿ ಬಿಡೇ," ಎಂದೆ.